ಅಳತೆಗೆ ಬಾರದ ಮರಿಮೀನುಗಳಿಗೆ

ಅರಬ್ಬಿ ಸಮುದ್ರದಲ್ಲಿ ವಾಸವಾಗಿರುವ ಬೂತಾಯಿ, ಬಂಗುಡೆ, ರಾಣಿ ಮೀನಿನ ಮರಿಗಳೆ,

ಕಾನೂನಿನ ಬಗ್ಗೆ ನಿಮಗಿರುವ ಅಸಡ್ಡೆಯನ್ನು ಇನ್ನು ಸಹಿಸಲಾಗದು. ಕಾರವಾರದಿಂದ ಉಳ್ಳಾಲದವರೆಗೆ ಯಾರನ್ನೇ ಕೇಳಿ, ಲೈಟ್ ಫಿಶಿಂಗ್ ಮಾಡುವವರು ಒಬ್ಬರೂ ಇಲ್ಲ. ಮಾಡುವವರು ಯಾವಾಗಲೂ ಪಕ್ಕದ ಬಂದರಿನವರು. ಬುಲ್ ಟ್ರಾಲ್ ಎಂಬ ಹೆಸರನ್ನಂತೂ ಯಾರೂ ಕೇಳಿಯೇ ಇಲ್ಲ. ಹೀಗಿದ್ದೂ ಬೆರಳುದ್ದದ ನೀವು ದಕ್ಕೆಯಲ್ಲಿ ರಾಶಿ ಬಿದ್ದಿರುತ್ತೀರಿ ಎಂದರೆ ತಪ್ಪು ನಿಮ್ಮದಲ್ಲದೆ ಇನ್ಯಾರದು?

ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಅದು 12 ನಾಟಿಕಲ್ ಮೈಲಿಯ ಆಚೆಗೆ. ಈಚೆಗಾದರೆ ರಾಜ್ಯದ 1986ರ ಕಾಯ್ದೆ ಇದೆ. ನೀವೋ ಗಡಿ ನೋಡದೆ ಅತ್ತಿತ್ತ ಈಜುತ್ತ ಎರಡು ಸರ್ಕಾರಗಳಿಗೂ ಗೊಂದಲ ತರುತ್ತೀರಿ. ನಡುರಾತ್ರಿ ಜನರೇಟರ್ ಸದ್ದಿನೊಂದಿಗೆ ನೀರಿನ ಮೇಲೆ ಎಲ್‌ಇಡಿ ದೀಪ ಹೊತ್ತಿದಾಗ, ಈ ಹೊತ್ತಿನಲ್ಲಿ ಸೂರ್ಯ ಎಲ್ಲಿಂದ ಬಂದ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಬೇಡವೆ? ಕೇಳುವುದಿರಲಿ, ಹಿಂಡುಗಟ್ಟಿ ಹೋಗುತ್ತೀರಿ. ಸುತ್ತ ಬಲೆ ಬೀಳುತ್ತದೆ.

ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣಿರಬೇಕು ಎಂಬ ನಿಯಮ ಮಾಡಿದ್ದೇ ನಿಮಗಾಗಿ. ಎಳೆತಕ್ಕೆ ಸಿಕ್ಕಿದರೆ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ. ಅದರಲ್ಲಿ ನುಸುಳಿ ಪಾರಾಗುವುದು ನಿಮ್ಮ ಕರ್ತವ್ಯ. ನೀವು ಸಿಕ್ಕಿದ ಬಲೆಯಲ್ಲಿ ಅಂಥ ಕಣ್ಣು ಇರಲಿಲ್ಲವೆಂದು ನೆಪ ಹೇಳಬೇಡಿ. ಆದೇಶದ ಪ್ರತಿಯಲ್ಲಿ ಇದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಅಷ್ಟರಲ್ಲಿ ಹುಟ್ಟಿ, ಬೆಳೆದು, ಆಗಸ್ಟ್ 1ಕ್ಕೆ ಸಿದ್ಧರಾಗಲು ನಿಮಗೇನು ಕಷ್ಟ? ಎಷ್ಟು ಬೆಳೆಯಬೇಕೆಂದು ತಿಳಿಯದು ಎನ್ನಬೇಡಿ, ಪಕ್ಕದ ಕೇರಳ 2015ರಲ್ಲೇ ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14 ಎಂದು ಕನಿಷ್ಠ ಉದ್ದ ಗೊತ್ತುಮಾಡಿತು. ಆದರೂ 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲು ಬಿಸಿಯಾದದ್ದೂ ಇದಕ್ಕೆ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಹಾಗಾದರೆ ಕಡಲಿಗೂ ಒಂದು ನೋಟಿಸು ಕಳಿಸಬೇಕು.

ನಿಮ್ಮನ್ನು ಪುಳಿಮುಂಚಿ ಮಾಡಿದರೆ ತಟ್ಟೆಯಲ್ಲಿ ಮುಳ್ಳಷ್ಟೇ ಉಳಿದೀತು. ಆದ್ದರಿಂದ ನೀವು ಲಾರಿ ಹತ್ತುತ್ತೀರಿ. ಫಿಶ್‌ಮೀಲ್ ಕಾರ್ಖಾನೆಯಲ್ಲಿ ನಿಮ್ಮನ್ನು ಬೇಯಿಸಿ, ಹಿಂಡಿ, ಒಣಗಿಸಿ ಹುಡಿ ಮಾಡುತ್ತಾರೆ. ಆ ಹುಡಿಯನ್ನು ಸಾಕಿದ ಸೀಗಡಿ, ಕೋಳಿ ತಿನ್ನುತ್ತವೆ. ಮುಂದಿನ ವರ್ಷ ಬೂತಾಯಿ ತುಟ್ಟಿಯಾಯಿತೆಂದು ಗೊಣಗುತ್ತ ನಾವು ಆ ಕೋಳಿ ತಿನ್ನುತ್ತೇವೆ. ಲೈಟ್ ಫಿಶಿಂಗ್ ನಿಲ್ಲಿಸಿ ಎಂದು ಬೀದಿಗಿಳಿಯುವ ನಾಡದೋಣಿಯವರಿಗೆ ಮಾತ್ರ ಈ ಲೆಕ್ಕ ಅರ್ಥವಾಗುವುದಿಲ್ಲ, ಪಾಪ.

ಕತ್ತಲಲ್ಲಿ, ನಡುಗಡಲಲ್ಲಿ ಬೋಟು ಹಿಡಿಯುವುದು ಕಷ್ಟ, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಲಾರಿ ಹಗಲಲ್ಲೇ ಹೋಗುತ್ತದೆ, ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ, ತೂಕದ ಚೀಟಿ ಪಡೆಯುತ್ತದೆ. ತೆರಿಗೆ ವಿನಾಯಿತಿಯ ಡೀಸೆಲ್ ಪಡೆಯುವ ಬೋಟಿನ ನಂಬರು ಸರ್ಕಾರದ ಕಡತದಲ್ಲೇ ಇದೆ.

ಇಂತಿ,
ಮೀನು ತಿನ್ನುವ ಒಬ್ಬ ಕರಾವಳಿಗ

ಪ್ರತಿ: ಮೀನುಗಾರಿಕೆ ಇಲಾಖೆಗೆ. ತಾವು ಕಡಲಿಗೆ ಇಳಿಯುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಏಲಂ ಆಗುವ ಜಾಗದಲ್ಲೂ ಕಾರ್ಖಾನೆಯ ಗೇಟಿನಲ್ಲೂ ಒಬ್ಬೊಬ್ಬರನ್ನು ಅಳತೆಪಟ್ಟಿ ಕೊಟ್ಟು ನಿಲ್ಲಿಸಿ. ಮರಿಮೀನು ತಂದ ಬೋಟಿಗೆ ಆ ವರ್ಷದ ಡೀಸೆಲ್ ವಿನಾಯಿತಿ ನಿಲ್ಲಿಸಿ.