ಹಕ್ಕಿ ಹಾರಿತೋ, ಅಕ್ಕಿ ಆರಿತೋ?

ನಮ್ಮ ಮೊಮ್ಮಗಳ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಬಂದ ವಾರದಲ್ಲೇ ಆಯುಧಪೂಜೆ ಬಿದ್ದದ್ದರಿಂದ ಪರದೆಯ ಹಣೆಗೆ ಅರಿಶಿನ, ನಡುವೆ ಕುಂಕುಮ. ಎಷ್ಟು ಒರೆಸಿದರೂ ಆ ಕುಂಕುಮ ಪೂರ್ತಿ ಹೋಗಿಲ್ಲವಂತೆ. ತೆರೆಯ ಮೇಲೆ ಹುಲಿ ಬಂದರೂ ವಿಮಾನ ಬಂದರೂ ಮುತ್ತೈದೆಯ ಹಾಗೇ ಕಾಣುತ್ತದೆ. ರಿಮೋಟು ಹೆಡ್‌ಮಾಸ್ಟರ ಬೀರುವಿನಲ್ಲಿ, ಬೀರುವಿನ ಬೀಗದಕೈ ಅವರ ಜೇಬಿನಲ್ಲಿ, ಅವರು ಮೀಟಿಂಗಿನಲ್ಲಿ. ಹೀಗಾಗಿ ಬೋರ್ಡಿನ ದರ್ಶನ ವಾರಕ್ಕೊಮ್ಮೆ.

ಮೊನ್ನೆ ದರ್ಶನ ಕೊಟ್ಟಾಗ ಕನ್ನಡ ಪೀರಿಯಡ್ಡು. ಮಕ್ಕಳು ಮೈಕಿನ ಮುಂದೆ ಒಂದು ವಾಕ್ಯ ಹೇಳಬೇಕು, ಬೋರ್ಡು ಅದನ್ನು ಬರೆದು ತೋರಿಸಿ, ಸರಿಯಿದ್ದರೆ ನಕ್ಷತ್ರ ಕೊಡಬೇಕು. ವಾಕ್ಯ, ‘ಹಕ್ಕಿ ಹಾರಿತು’. ಮಂಡ್ಯ ಕಡೆಯ ಹುಡುಗನೊಬ್ಬ ಗಂಟಲು ಸರಿಮಾಡಿಕೊಂಡು ಹೇಳಿದ. ಬೋರ್ಡು ಗಳಿಗೆ ಹೊತ್ತು ಧ್ಯಾನಿಸಿ ಬರೆಯಿತು: ‘ಅಕ್ಕಿ ಆರಿತು’. ಕ್ಲಾಸೆಲ್ಲ ಗೊಳ್ ಎಂದಿತು. ನಕ್ಷತ್ರವೂ ಇಲ್ಲ, ಮಣ್ಣೂ ಇಲ್ಲ.

ಸಂಜೆ ಮೊಮ್ಮಗಳು ಅವನನ್ನು ಮನೆಗೇ ಎಳೆದುಕೊಂಡು ಬಂದಳು. “ತಾತ, ನೀನು ಕನ್ನಡ ಮೇಷ್ಟ್ರಲ್ವಾ? ಇವ್ನಿಗೆ ಹ ಹೇಳ್ಕೊಡು.”

ಹುಡುಗ ಮುಖ ಊದಿಸಿಕೊಂಡೇ ಕೇಳಿದ. “ನಮ್ಮವ್ವನೂ ಇಂಗೇ ಅನ್ನದು ತಾತ. ಅಕ್ಕಿ ಮರದ ಮ್ಯಾಲೆ ಕೂತದೆ ಅಂದ್ರೆ ಊರಲ್ಲಿ ಎಲ್ರಿಗೂ ಗೊತ್ತಾಯ್ತದೆ. ಅನ್ನದ ಅಕ್ಕಿ ಮರ ಅತ್ತದಾ?”

ನನಗೆ ಬಾಯಿ ಕಟ್ಟಿತು. ಮೂವತ್ತು ವರ್ಷ ಇದೇ ಹಕಾರಕ್ಕಾಗಿ ಎಷ್ಟು ಕೆಂಪು ಶಾಯಿ ಸುರಿದಿದ್ದೇನೋ ಲೆಕ್ಕವಿಲ್ಲ. ಬೈಸಿಕೊಂಡ ಮಕ್ಕಳು ಬೆಳೆದು, ಭಯಕ್ಕೆ ಬೇಡದ ಕಡೆಯೆಲ್ಲ ಹ ಅಂಟಿಸಿದರು. ಆದರದ ಸ್ವಾಗತಕ್ಕೂ ಹ ಹಚ್ಚಿ ಸಭೆಯನ್ನು ಬೆಚ್ಚಿಬೀಳಿಸಿದ ಭಾಷಣಕಾರರ ಹಳೇ ಜೋಕು ನಿಮಗೂ ಗೊತ್ತು, ಬಿಡಿ. ಆ ಪಾಪದಲ್ಲಿ ನನ್ನದೂ ಪಾಲಿದೆ.

‘ಪಾಲು’ ಅಂದೆನಲ್ಲ, ವಿಷಯ ಇರುವುದೇ ಅಲ್ಲಿ. ಹತ್ತನೇ ಶತಮಾನದ ಪಂಪನಿಗೆ ಹಾಲು ‘ಪಾಲ್’, ಹುಲಿ ‘ಪುಲಿ’. ಹನ್ನೆರಡನೇ ಶತಮಾನದ ವಚನಗಳಿಗೆ ಬಂದರೆ ‘ಹಾಲು’. ಪಕಾರ ಸವೆದು ಹಕಾರವಾಯಿತು. ಈಗ ಆ ಹಕಾರವೂ ಮಂಡ್ಯದ ಬಾಯಲ್ಲಿ ಸವೆದು ‘ಆಲು’. ಪಕ್ಕಿ, ಹಕ್ಕಿ, ಅಕ್ಕಿ. ಪಂಪನ ಕಿವಿಗೆ ನಮ್ಮ ‘ಹಾಲು’ ಕೂಡ ಹಳ್ಳಿ ಗಮಾರರ ಉಚ್ಚಾರವೇ ಆಗಿರುತ್ತಿತ್ತು! ಅವನ ಕೈಗೆ ಕೆಂಪು ಶಾಯಿ ಸಿಗದೇ ಹೋದದ್ದು ನಮ್ಮ ಪುಣ್ಯ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಹಿಟ್ಟಿಗೆ ಲ್ಯಾಟಿನ್ನಿನಲ್ಲಿ ‘ಫರೀನ’. ಸ್ಪೇನಿನವರು ಅದನ್ನೇ ಬರೆಯುವಾಗ ‘ಹರೀನ’ ಎಂದು ಬರೆದು, ಓದುವಾಗ ‘ಅರೀನ’ ಅನ್ನುತ್ತಾರೆ. ಮಂಡ್ಯದವರು ಹಿಟ್ಟನ್ನು ‘ಇಟ್ಟು’ ಅಂದರೆ ಅನಾಗರಿಕರು, ಸ್ಪೇನಿನವರು ಅಂದರೆ ಅಂತರರಾಷ್ಟ್ರೀಯ ಭಾಷೆ.

ಇಷ್ಟು ಕೇಳಿದ್ದೇ ಮಕ್ಕಳಿಬ್ಬರಿಗೂ ಹುಚ್ಚು ಹಿಡಿಯಿತು. ನನ್ನ ಫೋನು ಕಸಿದುಕೊಂಡು ಬೀದಿಗಿಳಿದರು. ಮಹಡಿ ಮನೆಯ ಉಡುಪಿಯ ಆಂಟಿ ತುಳುವಿನಲ್ಲಿ ಹಕ್ಕಿಗೆ ‘ಪಕ್ಕಿ’, ಹುಲಿಗೆ ‘ಪಿಲಿ’ ಅಂದದ್ದು ರೆಕಾರ್ಡಾಯಿತು. ಹೂ ಮಾರುವ ತಮಿಳು ಅಜ್ಜಿಯ ‘ಪಾಲ್’ ಆಯಿತು. ಬಂದವರೇ ಪ್ರಶ್ನೆ: “ಹಂಗಾದ್ರೆ ಹೋಟೆಲ್ಲು ಮೊದ್ಲು ಪೋಟೆಲ್ಲಾ?” ಅಲ್ಲಪ್ಪ, ಅದು ಬಂದದ್ದು ತೀರಾ ಮೊನ್ನೆ. “ಮತ್ತೆ ಪುಸ್ತಕ ಯಾಕೆ ಹುಸ್ತಕ ಆಗ್ಲಿಲ್ಲ?” ಈ ಪ್ರಶ್ನೆಗೆ ನಾನು ಎದ್ದು ಕೂತೆ. ಆಗಿದೆಯಲ್ಲ! ಪುಸ್ತಕ ಜನರ ಬಾಯಿಗೆ ಬಿದ್ದು ‘ಪೊತ್ತಗೆ’ಯಾಗಿ, ಆಮೇಲೆ ‘ಹೊತ್ತಗೆ’ಯಾಯಿತು. ಪಂಡಿತರ ಬಾಯಲ್ಲಿ ಉಳಿದದ್ದು ಮಾತ್ರ ಪುಸ್ತಕವಾಗೇ ಉಳಿಯಿತು. ನನ್ನ ಮೂವತ್ತು ವರ್ಷದ ವ್ಯಾಕರಣ ಪಾಠದಲ್ಲಿ ಒಬ್ಬ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ ಅನ್ನಿ.

ಇಂಥ ತಲೆಹರಟೆಗೆ ಮಾಸ್ಕೋದಲ್ಲಿ 1965ರಲ್ಲೇ ಶಾಲಾ ಮಕ್ಕಳ ಸ್ಪರ್ಧೆ ಶುರುವಾಗಿತ್ತು. ಕಂಡು ಕೇಳರಿಯದ ಭಾಷೆಯ ನಾಲ್ಕು ವಾಕ್ಯ, ಅವುಗಳ ಅರ್ಥ ಕೊಟ್ಟುಬಿಡುತ್ತಾರೆ. ಭಾಷೆ ಬರಬೇಕಿಲ್ಲ, ತಲೆ ಓಡಿಸಿ ನಿಯಮ ಹುಡುಕಬೇಕು ಅಷ್ಟೆ. 2003ರಿಂದ ಇದೇ ಬಗೆಯ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡೂ ನಡೆಯುತ್ತಿದೆ. 2016ರಲ್ಲಿ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ಮೈಸೂರಿನಲ್ಲೇ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇರುವುದೂ ಇದೇ ಊರಲ್ಲಿ. ಇಷ್ಟಾದರೂ ನಮ್ಮ ಬೀದಿಯಲ್ಲಿ ಭಾಷಾವಿಜ್ಞಾನ ಅಂದರೆ, “ಸೈನ್ಸಾ, ಆರ್ಟ್ಸಾ? ಕೆಲಸ ಸಿಗುತ್ತಾ?” ಅನ್ನುತ್ತಾರೆ. ಒಲಿಂಪಿಯಾಡಿನ ಹಳೆಯ ಪ್ರಶ್ನೆಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಬಿದ್ದಿವೆ. ವಾರಕ್ಕೊಂದನ್ನು ಆ ಕುಂಕುಮದ ಬೋರ್ಡಿನ ಮೇಲೆ ಹಾಕಿದರೆ ಅದರ ಜನ್ಮ ಸಾರ್ಥಕವಾದೀತು.

ಬೋರ್ಡಿನ ಮೇಲೆ ನನಗೇನೂ ಸಿಟ್ಟಿಲ್ಲ. ಯಾರ ದನಿ ಉಣಿಸಿ ಸಾಕಿದರೋ ಅವರ ಕನ್ನಡವೇ ಅದರ ಕನ್ನಡ. ಮಂಡ್ಯದ ಅವ್ವನ ದನಿಯನ್ನು ಅದಕ್ಕೆ ಯಾರೂ ಉಣಿಸಿದಂತಿಲ್ಲ. ಪರೀಕ್ಷೆಯಲ್ಲಿ ಹಕ್ಕಿಗೆ ಹ ಬರೆಯಬೇಕು ಅಂತ ಹುಡುಗನಿಗೂ ಹೇಳಿದ್ದೇನೆ. “ಬರಿಯಾಕೆ ಬತ್ತದೆ ತಾತ, ಅನ್ನಾಕಷ್ಟೇ ಬರಾಕಿಲ್ಲ” ಅಂದ. ಸ್ಪೇನಿನವರದೂ ಅದೇ ಮಾತು.

ನಿಮ್ಮ ಮನೆಯಲ್ಲೂ ‘ಆಲು’, ‘ಅಣ್ಣು’ ಅನ್ನುವ ಅಜ್ಜಿಯೋ ಮಗುವೋ ಇದ್ದರೆ, ತಿದ್ದುವ ಮುಂಚೆ ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.