ಹಿಂಬರಹ ಶಾಸನ: ಒಂದು ಪ್ರಾಥಮಿಕ ಪರಿಶೀಲನೆ

ದೊರೆತ ಸ್ಥಳ: ಪಟ್ಟದಕಲ್ಲು, ನಮ್ಮ ಮನೆಯ ಟ್ರಂಕು. ಮಾಧ್ಯಮ: ಎ-4 ಹಾಳೆ. ಲಿಪಿ: ಕಂಪ್ಯೂಟರಿನದು, ಸಹಿಯ ಲಿಪಿಯನ್ನು ವಿದ್ವಾಂಸರು ಇನ್ನೂ ಓದಬೇಕಿದೆ. ಕಾಲ: ಅರ್ಜಿ ಹಾಕಿದ ಇಪ್ಪತ್ತೊಂಬತ್ತನೆಯ ದಿನ. ಉದ್ದೇಶ: ಮಾಹಿತಿ ಕೊಡದಿರುವುದು.

ಶಾಸನೋತ್ಪತ್ತಿಯ ಹಿನ್ನೆಲೆ ಇಷ್ಟು. 2022ರಲ್ಲಿ ಪಿಯುಸಿ ಓದುತ್ತಿದ್ದ ಅಣ್ಣನ ಮಗಳು, "ಕಾಕಾ, ಮಿಲಿಟ್ರಿ ಎನ್‌ಡಿಎದಾಗ 370 ಸೀಟ ಅದಾವಂತ. ಹುಡುಗ್ಯಾರಿಗೆ ಬರೇ 19 ಯಾಕ?" ಎಂದಳು. ಕಾಕಾ ತಿಳಿದವನಲ್ಲವೇ! ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಈ 19 ಯಾವ ಕಡತದ ಯಾವ ಟಿಪ್ಪಣಿಯಲ್ಲಿ ಹುಟ್ಟಿತು, ನಕಲು ಕೊಡಿ ಎಂದು ಬರೆದ.

ಹಿಂಬರಹಗಳಲ್ಲಿ ಹನ್ನೊಂದು ಪ್ರಭೇದಗಳು. ಮೊದಲನೆಯದು ವರ್ಗಾವಣಾತ್ಮಕ, ವಾಸ್ತುಪರಿಭಾಷೆಯಲ್ಲಿ ಸಾಂಧಾರ. ನಮ್ಮೂರ ವಿರೂಪಾಕ್ಷ ಗುಡಿಯಲ್ಲಿರುವಂತೆ ಇಲ್ಲೂ ಸುತ್ತು ಹಾಕಲು ದಾರಿ ಉಂಟು, ಒಳಗೆ ಬಿಡುವುದಿಲ್ಲ. ಕಲಂ 6(3)ರ ಪುಣ್ಯದಿಂದ ನನ್ನ ಅರ್ಜಿ ಮೂರು ಕಚೇರಿ ಪ್ರದಕ್ಷಿಣೆ ಮಾಡಿ ಹೊರಟಲ್ಲಿಗೇ ಬಂದಿತು. ಎರಡನೆಯದು ಮೀಮಾಂಸಾತ್ಮಕ: "'ಯಾಕೆ' ಎಂಬುದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ." ನಾನು ಕೇಳಿದ್ದು ನಕಲು, 'ಯಾಕೆ' ಅಂದವಳು ಹುಡುಗಿ. ಮೂರನೆಯದು ಭದ್ರತಾತ್ಮಕ, ಕಲಂ 8(1)(ಎ). ಹತ್ತು ಭೂಸೇನೆಗೆ, ಮೂರು ನೌಕಾಸೇನೆಗೆ, ಆರು ವಾಯುಸೇನೆಗೆ ಎಂದು ಪೇಪರಿನಲ್ಲೇ ಬಂದ ಲೆಕ್ಕದ ಹಿಂದಿನ ಒಂದು ಟಿಪ್ಪಣಿ ಹೊರಬಿದ್ದರೆ ಗಡಿ ಅಲುಗಾಡುತ್ತದಂತೆ. ಮಿಕ್ಕ ಎಂಟು ಪ್ರಭೇದ ಹಾಳಾಗಿ ಹೋಗಲಿ.

ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹುಡುಗಿಯರ ಸೈನಿಕ ಶಾಲೆ ಶುರುವಾದದ್ದು 1969ರಲ್ಲಿ. ಕುದುರೆ ಹತ್ತಿಸಿದರು, ಬಂದೂಕು ಹಿಡಿಸಿದರು, ಪರೇಡು ಮಾಡಿಸಿದರು. ಆಮೇಲೆ? ಎನ್‌ಡಿಎ ಪರೀಕ್ಷೆಗೆ ಕೂರಲು ಅವರಿಗೆ ಸುಪ್ರೀಂ ಕೋರ್ಟು 2021ರ ಆಗಸ್ಟಿನಲ್ಲಿ ಮಧ್ಯಂತರ ಆದೇಶ ಕೊಡಬೇಕಾಯಿತು. ಐವತ್ತೆರಡು ವರ್ಷ! ಆ ಶಾಲೆಯ ಮೊದಲ ಹುಡುಗಿಯರು ಅಷ್ಟೊತ್ತಿಗೆ ಅಜ್ಜಿಯರಾಗಿದ್ದರು. ಇದನ್ನು ಯಾವ ಪ್ರಭೇದಕ್ಕೆ ಸೇರಿಸಲಿ?

ಶಾಸನಾಂತ್ಯದಲ್ಲಿ ಶಾಪಾಶಯ ಇರಲೇಬೇಕು. ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅದು ಕಲಂ 20: ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಎರಡೂ ಶಾಪ ತಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಮೇಲ್ಮನವಿ ಹಾಕಿ ಅಣ್ಣನ ಮಗಳನ್ನು ವಿರೂಪಾಕ್ಷ ಗುಡಿಗೆ ಕರೆದೊಯ್ದೆ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಿಸಿದವಳು ಯಾರು, ಯಾತಕ್ಕೆ, ಕಟ್ಟಿದ ಆಚಾರಿಗೆ ಏನು ಬಿರುದು, ಎಲ್ಲ ಕಲ್ಲಿನಲ್ಲಿದೆ. ಸುಮಾರು 1,280 ವರ್ಷವಾದರೂ ಕಡತ ಲಭ್ಯವಿಲ್ಲ ಎಂದಿಲ್ಲ. ಅವಳು ಅಕ್ಷರದ ಮೇಲೆ ಬೆರಳಾಡಿಸಿದಳು. ಕಾವಲಿನವನು, "ಏ ತಂಗಿ, ಮುಟ್ಟಬ್ಯಾಡವಾ" ಅಂದ.

2025ರ ಮೇ 30ರಂದು ಮೊದಲ ತಂಡದ ಹದಿನೇಳು ಹುಡುಗಿಯರು ಎನ್‌ಡಿಎಯಿಂದ ಪಾಸಾಗಿ ಹೊರಬಂದರು. ಮೊಬೈಲಿನಲ್ಲಿ ಅವಳ ಜತೆ ಕೂತೇ ನೋಡಿದೆ. ಹತ್ತೊಂಬತ್ತೂವರೆ ವರ್ಷ ದಾಟಿದವರಿಗೆ ಆ ಬಾಗಿಲಿಲ್ಲ; ಅವಳು ದಾಟಿದ್ದಳು. ಎರಡನೆಯ ಮೇಲ್ಮನವಿ ವಿಚಾರಣೆಗೆ ಬಾಕಿ ಇದೆ.