ಹಿರಿಯ ವಿನ್ಯಾಸಕನ ನಿವೃತ್ತಿ ಮೀಮಾಂಸೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ದುಧನಿಯಂಥ ಗಡಿಪೇಟೆಯಲ್ಲಿ, ಕುಂಚದಿಂದ ಅಂಗಡಿಯ ಬೋರ್ಡು ಬರೆಯುತ್ತಿದ್ದು ಮುಂದೆ ಕೋರೆಲ್‌ಡ್ರಾ ಎಂಬ ಚಿತ್ರವಿನ್ಯಾಸ ತಂತ್ರಾಂಶಕ್ಕೆ ಕೈ ಪಳಗಿಸಿಕೊಂಡ ಹಿರಿಯ ವಿನ್ಯಾಸಕನಿಗೂ ಫ್ಲೆಕ್ಸ್ ಅಂಗಡಿಯ ತರುಣ ಮಾಲೀಕನಿಗೂ ನಡೆಯಬಹುದಾದ ಸಂವಾದವನ್ನು ಹೀಗೆ ಕಲ್ಪಿಸಬಹುದು.

ಮಾಲೀಕ: ಕಾಕಾ, ಗಿರಾಕಿಗೆ ಬೇಕಾದುದು ಅನುಭವವಲ್ಲ, ನಾಯಕರ ಮುಖ ದೊಡ್ಡದಾಗಿಯೂ ಶುಭ ಕೋರುವವರ ಮುಖಗಳು ಸಾಲಾಗಿಯೂ ಇರುವ ಹುಟ್ಟುಹಬ್ಬದ ಬ್ಯಾನರು, ಅದೂ ಚಹಾ ಕುಡಿದು ಮುಗಿಸುವುದರೊಳಗೆ.

ಹಿರಿಯ: ತಮ್ಮಾ, ಅಕ್ಷರಗಳ ನಡುವಿನ ತೆರಪನ್ನು ಕಣ್ಣಳತೆಯಿಂದ ಹೊಂದಿಸುವ ಕರ್ನಿಂಗ್ ಎಂಬ ಕೆಲಸಕ್ಕೆ ಅವಸರ ಸಲ್ಲದು.

ಮಾಲೀಕ: ಆ ತೆರಪಿನಲ್ಲಿ ಇನ್ನೂ ಇಬ್ಬರು ಕಾರ್ಯಕರ್ತರ ಮುಖ ಹಿಡಿಯುತ್ತದಲ್ಲ!

ಹಿರಿಯ: 2022ರ ಕಾನೂನು ತಿದ್ದುಪಡಿಯ ಬಳಿಕ ಮಹಾರಾಷ್ಟ್ರದ ಸಣ್ಣ ಅಂಗಡಿಗೂ ದೇವನಾಗರಿ ಲಿಪಿಯ ಮರಾಠಿ ಬೋರ್ಡು ಕಡ್ಡಾಯವಾಗಿದ್ದು, ಅದರ ಅಕ್ಷರ ಬೇರೆ ಲಿಪಿಗಿಂತ ಸಣ್ಣದಾಗಿರುವಂತಿಲ್ಲ. ಮೇಲೆ ಶಿರೋರೇಖೆ ಎಳೆಯುವ ಆ ಲಿಪಿಯನ್ನೂ ಕೆಳಗೆ ಒತ್ತು ಇಳಿಸುವ ಕನ್ನಡವನ್ನೂ ಒಂದೇ ಹಲಗೆಯಲ್ಲಿ ಜಗಳವಿಲ್ಲದೆ ಕೂಡಿಸಲು ವಯಸ್ಸಾಗಿರಬೇಕು.

ಮಾಲೀಕ: ವಯಸ್ಸೇಕೆ? ಹೆಸರು ಮಾತ್ರ ಬದಲಿಸಿ ಬಳಸುವ ಟೆಂಪ್ಲೇಟು, ಅಂದರೆ ಸಿದ್ಧ ಮಾದರಿ, ಸಾಕು. ಆದ್ದರಿಂದ ನಿಮಗೆ ಗೌರವಪೂರ್ವಕ ಬೀಳ್ಕೊಡುಗೆ ನಿಶ್ಚಯವಾಗಿದೆ.

ಹಿರಿಯ: ಸಂತೋಷ.

ಮಾಲೀಕ: ಅದರ ಬ್ಯಾನರನ್ನು ಮಾತ್ರ ನೀವೇ ಮಾಡಿಕೊಡಬೇಕು, ಕಾಕಾ, ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನ ಕಡತವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರಸಂಕೇತಕ್ಕೆ, ತರುವಾಗ ಚೆದುರುವ ಒತ್ತಕ್ಷರಗಳನ್ನು ತಿದ್ದಲು ಹೊಸ ಹುಡುಗರಿಗೆ ಬರುವುದಿಲ್ಲ.